ಕೊನೆಯ ಕಾಡಿಗೆ ಬೆಳಕು ಎಲ್ಲಿಂದ? ‘ಸೈಲೆಂಟ್ ರನ್ನಿಂಗ್’ ನೋಡುವ, ನೋಡಿಸುವ ಬಗೆ

1972ರಲ್ಲಿ ತೆರೆಕಂಡ ‘ಸೈಲೆಂಟ್ ರನ್ನಿಂಗ್’ ಚಿತ್ರವನ್ನು ನಾನು ನನ್ನ ಸಸ್ಯಶಾಸ್ತ್ರದ ತರಗತಿಗೆ ತೋರಿಸುತ್ತೇನೆ, ಅದೂ ದ್ಯುತಿಸಂಶ್ಲೇಷಣೆಯ ಪಾಠ ಮುಗಿದ ಮೇಲೆ. ಮೊದಲೇ ತೋರಿಸಿದರೆ ಮಕ್ಕಳಿಗೆ ಅದು ಮುದ್ದಾದ ರೋಬೋಟ್‌ಗಳ ಸಿನಿಮಾ ಅಷ್ಟೇ. ಪಾಠ ತಲೆಯಲ್ಲಿರುವಾಗ ನೋಡಿದರೆ, ಅರ್ಧ ದಾಟುವಷ್ಟರಲ್ಲಿ ಯಾರಾದರೊಬ್ಬರು ಕೂತಲ್ಲೇ ಚಡಪಡಿಸುತ್ತಾರೆ. “ಮೇಡಂ, ಆ ಗಿಡಗಳಿಗೆ ಬೆಳಕು ಎಲ್ಲಿಂದ ಬರ್ತಿದೆ?” ಎಂಬ ಪ್ರಶ್ನೆ ಕತ್ತಲಲ್ಲಿ ಎಲ್ಲಿಂದಲೋ ಏಳುತ್ತದೆ. ನನಗೆ ಬೇಕಾದದ್ದು ಅದೇ. ಆ ಪ್ರಶ್ನೆ ಏಳುವಂತೆ ಮಾಡುವುದು ಹೇಗೆ, ಎದ್ದ ಮೇಲೆ ಅದನ್ನು ಹಿಡಿದು ಎಲ್ಲಿಯವರೆಗೆ ಹೋಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ನೀವು ಶಿಕ್ಷಕರಾಗಿರಬೇಕಿಲ್ಲ. ಒಬ್ಬರೇ ನೋಡಿದರೂ ಗೆಳೆಯರ ಜೊತೆ ನೋಡಿದರೂ ಈ ಕ್ರಮ ನಡೆಯುತ್ತದೆ. ಕಥೆಯ ಕೊನೆಯನ್ನೂ ಹೇಳಿಬಿಟ್ಟಿದ್ದೇನೆ, ಹಾಗಾಗಿ ಮೊದಲು ಸಿನಿಮಾ ನೋಡಿ ಬನ್ನಿ. ಒಂದೂವರೆ ಗಂಟೆಯಷ್ಟೇ ಇದೆ.

ಕಥೆ ಇಷ್ಟು. ಭೂಮಿಯ ಮೇಲೆ ಕಾಡು ಉಳಿದಿಲ್ಲ. ಕೊನೆಯ ಕಾಡಿನ ತುಂಡುಗಳನ್ನು ಪಾರದರ್ಶಕ ಗುಮ್ಮಟಗಳೊಳಗೆ ಬೆಳೆಸಿ, ಆ ಗುಮ್ಮಟಗಳನ್ನು ಸರಕು ಸಾಗಿಸುವ ದೈತ್ಯ ಅಂತರಿಕ್ಷ ನೌಕೆಗಳಿಗೆ ಜೋಡಿಸಿ ಶನಿಗ್ರಹದ ಬಳಿ ಇಟ್ಟಿದ್ದಾರೆ. ‘ವ್ಯಾಲಿ ಫೋರ್ಜ್’ ಎಂಬ ನೌಕೆಯಲ್ಲಿ ನಾಲ್ವರು. ಮೂವರಿಗೆ ಯಾವಾಗ ಮನೆಗೆ ಹೋದೇವೋ ಎಂಬ ಆತುರ. ನಾಲ್ಕನೆಯವನು ಫ್ರೀಮನ್ ಲೋವೆಲ್. ಬ್ರೂಸ್ ಡರ್ನ್ ಮಾಡಿದ ಪಾತ್ರ. ಎಂಟು ವರ್ಷಗಳಿಂದ ಈ ಕಾಡನ್ನು ಸಾಕುತ್ತಿದ್ದಾನೆ. ಒಂದು ದಿನ ಭೂಮಿಯಿಂದ ಕರೆ ಬರುತ್ತದೆ, ಮರಗಳನ್ನು ಮತ್ತೆ ಅಲ್ಲಿ ನೆಡುತ್ತಾರೆ ಎಂದು ನಂಬಿ ಕೂತವನು. ಕರೆ ಬರುತ್ತದೆ, ನಿಜ. ಗುಮ್ಮಟಗಳನ್ನು ಕಳಚಿ, ಅಣುಸ್ಫೋಟಕದಿಂದ ನಾಶಮಾಡಿ, ನೌಕೆಗಳನ್ನು ವ್ಯಾಪಾರದ ಕೆಲಸಕ್ಕೆ ಹಿಂದಿರುಗಿಸಿ ಎಂಬ ಆದೇಶ ಅದು. ಲೋವೆಲ್ ಒಪ್ಪುವುದಿಲ್ಲ. ಒಂದು ಗುಮ್ಮಟ ಉಳಿಸಿಕೊಳ್ಳಲು ಮೂವರು ಸಹೋದ್ಯೋಗಿಗಳನ್ನು ಕೊಲ್ಲುತ್ತಾನೆ.

ತೋರಿಸುವ ಮುನ್ನ

ಕಾಲದ ಪರಿಚಯ ಸ್ವಲ್ಪ ಕೊಡಿ, ಹೆಚ್ಚು ಬೇಡ. 1968ರ ಡಿಸೆಂಬರಿನಲ್ಲಿ ಅಪೊಲೊ 8ರ ಯಾತ್ರಿಗಳು ಚಂದ್ರನ ಅಂಚಿನಾಚೆ ಭೂಮಿ ಮೂಡುವುದನ್ನು ಚಿತ್ರ ತೆಗೆದರು. 1970ರ ಏಪ್ರಿಲ್ 22ರಂದು ಅಮೆರಿಕದಲ್ಲಿ ಮೊದಲ ಭೂದಿನ ನಡೆಯಿತು. ಅದೇ ವರ್ಷದ ಕೊನೆಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು. 1972ರ ಜೂನಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಸೇರಿತು. ಈ ಚಿತ್ರ ಬಂದದ್ದು ಅದಕ್ಕೆ ಕೆಲವೇ ತಿಂಗಳು ಮುಂಚೆ. ಭೂಮಿಯನ್ನು ಮೊದಲ ಬಾರಿ ಹೊರಗಿನಿಂದ, ಇಡಿಯಾಗಿ ಕಂಡು ದಿಗಿಲುಬಿದ್ದ ಪೀಳಿಗೆಯ ಸಿನಿಮಾ ಇದು ಎಂದರೆ ಸಾಕು, ಉಳಿದದ್ದನ್ನು ಅದೇ ಹೇಳುತ್ತದೆ.

ಇನ್ನೆರಡು ಮಾತು ಮೊದಲೇ ಹೇಳಿದರೆ ನೋಡುವ ಕಣ್ಣು ಚುರುಕಾಗುತ್ತದೆ. ನೌಕೆಯ ಒಳಭಾಗದ ಬಹುಪಾಲು ಸ್ಟುಡಿಯೋದ ಸೆಟ್ ಅಲ್ಲ. ಅಮೆರಿಕದ ನೌಕಾಪಡೆ ಸೇವೆಯಿಂದ ತೆಗೆದಿದ್ದ ‘ವ್ಯಾಲಿ ಫೋರ್ಜ್’ ಎಂಬ ನಿಜವಾದ ವಿಮಾನವಾಹಕ ಯುದ್ಧನೌಕೆಯೊಳಗೆ ಚಿತ್ರೀಕರಣ ನಡೆಯಿತು. ಸಿನಿಮಾದ ನೌಕೆಗೆ ಹೆಸರು ಬಂದದ್ದೂ ಅಲ್ಲಿಂದಲೇ. ಆ ಉಕ್ಕಿನ ಓಣಿಗಳು, ಬಣ್ಣ ಸವೆದ ಬಾಗಿಲುಗಳು ಯುದ್ಧ ಕಂಡವು. ಕಾಡಿನ ಗುಮ್ಮಟಗಳಿಗೆ ಸ್ಫೂರ್ತಿಯಾದದ್ದು ಸೇಂಟ್ ಲೂಯಿಸ್ ನಗರದ ಮಿಸ್ಸೌರಿ ಸಸ್ಯೋದ್ಯಾನದಲ್ಲಿ 1960ರಲ್ಲಿ ತೆರೆದ ‘ಕ್ಲೈಮಟ್ರಾನ್’ ಎಂಬ ಗುಮ್ಮಟಾಕಾರದ ಹಸಿರುಮನೆ. ಯುದ್ಧನೌಕೆಯ ಬೆನ್ನಿಗೆ ಹಸಿರುಮನೆ ಕಟ್ಟಿದ್ದಾರೆ ಎಂಬುದು ಮನಸ್ಸಿನಲ್ಲಿದ್ದರೆ, ಲೋವೆಲ್ ಕಾಡಿನಿಂದ ಓಣಿಗೆ, ಓಣಿಯಿಂದ ಕಾಡಿಗೆ ಓಡಾಡುವ ಪ್ರತಿ ದೃಶ್ಯಕ್ಕೂ ತೂಕ ಬರುತ್ತದೆ.

ನಿರ್ದೇಶಕ ಡಗ್ಲಸ್ ಟ್ರಂಬುಲ್ ವಿಶೇಷ ಪರಿಣಾಮಗಳ ಕೆಲಸದಿಂದ ಬಂದವರು, ಇದು ಅವರ ಮೊದಲ ನಿರ್ದೇಶನ. ಜೋನ್ ಬಾಯೆಜ್ ಹಾಡಿದ ಹಾಡುಗಳಿವೆ. ಇಂದಿನ ಮಕ್ಕಳಿಗೆ ಅವು ಕೊಂಚ ಉದ್ದ ಅನ್ನಿಸುತ್ತವೆ, ಆದರೂ ಓಡಿಸಬೇಡಿ. ಚಿಕ್ಕ ಮಕ್ಕಳಿಗೆ ಈ ಚಿತ್ರ ಬೇಡ ಎಂಬುದು ನನ್ನ ಅಭಿಪ್ರಾಯ. ಕೊಲೆಗಳಲ್ಲಿ ರಕ್ತ ಹೆಚ್ಚಿಲ್ಲ, ಆದರೆ ಕೊಂದವನ ಒಂಟಿತನ ಬಹಳ ಭಾರದ್ದು.

ಊಟದ ಮೇಜಿನ ಬಳಿ ನಿಲ್ಲಿಸಿ

ಮೊದಲ ಸಲ ತಡೆಯಿಲ್ಲದೆ, ಟಿಪ್ಪಣಿಯಿಲ್ಲದೆ ನೋಡಿ. ಎರಡನೇ ಸಲ ಒಂದು ಕಡೆ ಮಾತ್ರ ನಿಲ್ಲಿಸಿ, ನಾಲ್ವರು ಊಟಕ್ಕೆ ಕೂರುವಲ್ಲಿ. ಮೂವರು ಯಂತ್ರದಿಂದ ಬಂದ ಕೃತಕ ಆಹಾರ ತಿನ್ನುತ್ತಿದ್ದಾರೆ. ಲೋವೆಲ್ ತಾನೇ ಬೆಳೆದ ಹಣ್ಣು ಕತ್ತರಿಸಿ ತಿನ್ನುತ್ತಾನೆ. ಅದರ ವಾಸನೆಯೇ ಉಳಿದವರಿಗೆ ಸಹಿಸುವುದಿಲ್ಲ. ಜಗಳ ಶುರುವಾಗುತ್ತದೆ, ಮತ್ತು ಭೂಮಿ ಹೇಗಿದೆ ಎಂಬುದು ನಮಗೆ ಗೊತ್ತಾಗುವುದು ಆ ಜಗಳದಿಂದ. ಈ ಚಿತ್ರದಲ್ಲಿ ಭೂಮಿಯ ಮೇಲೆ ನಡೆಯುವ ಒಂದು ದೃಶ್ಯವೂ ಇಲ್ಲ. ಎಲ್ಲ ಮಾತಿನಲ್ಲೇ.

ಇಲ್ಲಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಆ ಮಾತುಕತೆಯಿಂದ ಭೂಮಿಯ ಬಗ್ಗೆ ತಿಳಿದದ್ದನ್ನೆಲ್ಲ ಬರೆಯಲು ಹೇಳಿ. ರೋಗ ಹೆಚ್ಚುಕಡಿಮೆ ಇಲ್ಲವಾಗಿದೆ. ಬಡತನ ಇಲ್ಲ. ಎಲ್ಲರಿಗೂ ಉದ್ಯೋಗ ಇದೆ. ಎಲ್ಲೇ ಹೋದರೂ ತಾಪಮಾನ 75 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 24 ಡಿಗ್ರಿ ಸೆಲ್ಸಿಯಸ್. ಬರೆದು ಮುಗಿದ ಮೇಲೆ ಕೇಳಿ: ಇದರಲ್ಲಿ ಕುಸಿತ ಎಲ್ಲಿದೆ?

ತಕ್ಷಣ ಉತ್ತರ ಬರುವುದಿಲ್ಲ. ಬರಬಾರದು ಕೂಡ. ಪರಿಸರ ಕುಸಿಯುವುದು ಎಂದಾಕ್ಷಣ ನಮ್ಮ ಕಣ್ಣಿಗೆ ಪ್ರವಾಹ, ಬೆಂಕಿ, ಬಾಯಾರಿದ ಜನಸಂದಣಿ ಬರುತ್ತದೆ, ಬೇರೆ ಸಿನಿಮಾಗಳು ಅದನ್ನೇ ಕಲಿಸಿವೆ. ಇಲ್ಲಿ ಹಸಿವಿಲ್ಲ, ಕೂಗಿಲ್ಲ. ಕಾಡು ಹೋಯಿತು, ಅದಿಲ್ಲದೆಯೂ ಬದುಕು ಸಾಗುವ ಹಾಗೆ ಜನ ವ್ಯವಸ್ಥೆ ಮಾಡಿಕೊಂಡರು, ಆಮೇಲೆ ಅದು ಬೇಕಿತ್ತು ಎಂಬುದನ್ನೇ ಮರೆತರು. ಕೆನಡಾದಲ್ಲಿ ಕೆಲಸ ಮಾಡಿದ ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಇಂಥದ್ದೇ ಒಂದನ್ನು ಗುರುತಿಸಿದ್ದರು. ಪ್ರತಿ ಪೀಳಿಗೆಯ ವಿಜ್ಞಾನಿಗಳೂ ತಾವು ವೃತ್ತಿಗೆ ಕಾಲಿಟ್ಟಾಗ ಸಮುದ್ರದಲ್ಲಿದ್ದ ಮೀನಿನ ಪ್ರಮಾಣವನ್ನೇ ಸಹಜ ಎಂದು ಹಿಡಿದು, ನಷ್ಟವನ್ನು ಅಲ್ಲಿಂದಾಚೆಗೆ ಎಣಿಸುತ್ತಾರೆ; ಅದಕ್ಕೂ ಮುಂಚೆ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೇಜಿನ ಸುತ್ತ ಕೂತ ಆ ಮೂವರು ಯುವಕರಿಗೆ ಕಾಡಿಲ್ಲದ ಭೂಮಿಯೇ ಸಹಜ. ಅವರು ದುಷ್ಟರಲ್ಲ. ಹೊಸದಾಗಿ ನೋಡುವವರು ಅವರನ್ನು ಖಳರೆಂದು ತಳ್ಳಿಹಾಕಲು ಹೊರಡುತ್ತಾರೆ, ಆಗ ತಡೆಯಿರಿ. ನಾವು ಹುಟ್ಟುವ ಮೊದಲೇ ಹೋದ ಯಾವ ಪ್ರಾಣಿ, ಯಾವ ಹೊಳೆ, ಯಾವ ಮರಕ್ಕಾಗಿ ನಾವು ನಿಜವಾಗಿ ಅತ್ತಿದ್ದೇವೆ ಎಂದು ಕೇಳಿದರೆ ಮಾತು ತಾನಾಗಿ ನಿಧಾನವಾಗುತ್ತದೆ.

ಆದೇಶ ಬರುವ ದೃಶ್ಯವನ್ನೂ ಗಮನಿಸಲು ಹೇಳಿ. ಬರುವುದು ಒಂದು ಧ್ವನಿ. ಕಾಡನ್ನು ಏಕೆ ನಾಶಮಾಡಬೇಕು ಎಂಬುದಕ್ಕೆ ಯಾರೂ ಕಾರಣ ಕೊಡುವುದಿಲ್ಲ. ನಿರ್ಧಾರ ಮಾಡಿದವರ ಮುಖವೂ ಇಲ್ಲ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ಇಂದಿಗೆ ಅತ್ಯಂತ ಹತ್ತಿರದ ಸಂಗತಿ ಇದು.

ಕೊಲೆಯ ಬಗ್ಗೆ ಹೇಗೆ ಮಾತಾಡುವುದು

“ಲೋವೆಲ್ ಮಾಡಿದ್ದು ಸರಿಯೋ ತಪ್ಪೋ?” ಎಂದು ಶುರುಮಾಡಬೇಡಿ. ಕೋಣೆ ಎರಡು ಪಕ್ಷವಾಗುತ್ತದೆ. ಕೊನೆಯ ಕಾಡಿಗೆ ಮೂರು ಜೀವ ಹೆಚ್ಚಲ್ಲ ಎನ್ನುವವರು ಒಂದು ಕಡೆ, ಮನುಷ್ಯನ ಜೀವಕ್ಕಿಂತ ಮರ ದೊಡ್ಡದೇ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸಿನಿಮಾ ಬಿಟ್ಟು ತಮ್ಮ ನಂಬಿಕೆಯ ಬಗ್ಗೆಯೇ ಮಾತಾಡುತ್ತಾರೆ.

ಬದಲಿಗೆ, ಕೊಲೆಗೆ ಮುಂಚಿನ ಎಂಟು ವರ್ಷ ಅವನು ಏನು ಮಾಡಿದ ಎಂದು ಕೇಳಿ. ಗಿಡ ಸಾಕಿದ, ಕಾದ. ಜೊತೆಗಿದ್ದವರನ್ನು ಕಾಡಿನೊಳಗೆ ಸೇರಿಸಿಕೊಂಡನೆ? ಅವರು ತಮ್ಮ ಪುಟ್ಟ ವಾಹನಗಳ ರೇಸ್ ನಡೆಸುತ್ತಾ ಗಿಡಗಳ ನಡುವೆ ನುಗ್ಗಿದಾಗ ಬೈದ. ಹಣ್ಣಿನ ರುಚಿ ತೋರಿಸುವ ಬದಲು ಉಪದೇಶ ಮಾಡಿದ. ಆಮೇಲೆ, ಎಲ್ಲರೂ ಸತ್ತ ಮೇಲೆ, ರೋಬೋಟ್‌ಗಳಿಗೆ ಎಷ್ಟು ತಾಳ್ಮೆಯಿಂದ ಗಿಡ ನೆಡುವುದನ್ನು ಕಲಿಸುತ್ತಾನೆ ನೋಡಿ. ಅವಕ್ಕೆ ಹೆಸರಿಡುತ್ತಾನೆ, ಜೊತೆಗೆ ಕೂತು ಇಸ್ಪೀಟ್ ಆಡುತ್ತಾನೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನ್ನ ತರಗತಿಯ ಒಬ್ಬ ಹುಡುಗಿ ಹೇಳಿದ್ದು ಮರೆಯಲಾರೆ: “ಮನುಷ್ಯರಿಗೂ ಇಷ್ಟು ಕಲಿಸಿದ್ದರೆ?” ಅಲ್ಲಿಂದ ಚರ್ಚೆ ಬೇರೆಯೇ ಎತ್ತರಕ್ಕೆ ಹೋಯಿತು. ನಾನು ಲೋವೆಲ್‌ನನ್ನು ಪ್ರೀತಿಸುತ್ತೇನೆ. ಅವನ ಸಿಟ್ಟು ನನ್ನ ಸಿಟ್ಟೇ. ಆದರೂ ಆ ಮೂವರ ಸಾವನ್ನು ಚಿತ್ರ ಮರೆಯಗೊಡುವುದಿಲ್ಲ ಎಂಬುದು ಅದರ ದೊಡ್ಡತನ. ಲೋವೆಲ್‌ಗೂ ಮರೆಯಲಾಗುವುದಿಲ್ಲ, ಡರ್ನ್ ಅವರ ಕಣ್ಣಲ್ಲಿ ಅದು ಕೊನೆಯವರೆಗೂ ಉಳಿಯುತ್ತದೆ.

ಈಗ ಬೆಳಕಿನ ಮಾತು

ಕಾಡು ಬಾಡತೊಡಗುತ್ತದೆ. ಎಲೆಗಳು ಹಳದಿಯಾಗಿ ಉದುರುತ್ತವೆ. ಲೋವೆಲ್‌ಗೆ ಏನೂ ತೋಚುವುದಿಲ್ಲ. ಕೊನೆಗೆ, ಇನ್ನೊಂದು ನೌಕೆ ಅವನನ್ನು ಪತ್ತೆಹಚ್ಚಿದಾಗ, ತಟ್ಟನೆ ಹೊಳೆಯುತ್ತದೆ: ಸೂರ್ಯನಿಂದ ದೂರ ಬಂದಿದ್ದೇವೆ, ಗಿಡಗಳಿಗೆ ಬೆಳಕು ಸಾಲುತ್ತಿಲ್ಲ!

ಇಲ್ಲಿ ನನ್ನ ವಿದ್ಯಾರ್ಥಿಗಳಿಗೆ ತಾಳ್ಮೆ ಕೆಡುತ್ತದೆ. ಸಸ್ಯಗಳನ್ನೇ ಜೀವಮಾನದ ಕೆಲಸ ಮಾಡಿಕೊಂಡವನಿಗೆ ಇಷ್ಟು ಗೊತ್ತಿಲ್ಲವೇ ಎನ್ನುತ್ತಾರೆ. ಅನೇಕ ವಿಮರ್ಶಕರೂ ಇದನ್ನು ಚಿತ್ರಕಥೆಯ ದೋಷವೆಂದು ಎತ್ತಿ ಆಡಿದ್ದಾರೆ. ದೋಷವೇ ಇರಬಹುದು. ಆದರೆ ಅಲ್ಲಿಗೇ ಬಿಡಬೇಡಿ, ಲೆಕ್ಕ ಹಾಕಿಸಿ.

ಶನಿ ಸೂರ್ಯನಿಂದ ಇರುವ ದೂರ ಭೂಮಿಯ ದೂರದ ಸುಮಾರು 9.5 ಪಟ್ಟು. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. 9.5ನ್ನು 9.5ರಿಂದ ಗುಣಿಸಿದರೆ ಸುಮಾರು 90. ಅಂದರೆ ಶನಿಯ ಬಳಿ ಬಿಸಿಲು ನಮ್ಮಲ್ಲಿಯ ತೊಂಬತ್ತರಲ್ಲಿ ಒಂದು ಪಾಲು. ನಡುಹಗಲಿನ ನೇರ ಬಿಸಿಲು ಭೂಮಿಯ ಮೇಲೆ ಸುಮಾರು 1,00,000 ಲಕ್ಸ್ ಎಂದು ಹಿಡಿದರೆ ಅಲ್ಲಿ 1,100 ಲಕ್ಸ್ ಆಸುಪಾಸು. ಕಣ್ಣಿಗೆ ಅದು ಕತ್ತಲೆಯೇನಲ್ಲ, ಆರಾಮಾಗಿ ಓದಬಹುದು. ಮೋಸ ಇರುವುದು ಅಲ್ಲೇ. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಎಲೆ ಹಾಗೆ ಹೊಂದಿಕೊಳ್ಳಲಾರದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ದಟ್ಟ ಮಳೆಕಾಡಿನ ನೆಲಕ್ಕೆ ತಲುಪುವ ಬೆಳಕು ಮೇಲಿನ ಬಿಸಿಲಿನ ಶೇಕಡ 1ರಿಂದ 2ರಷ್ಟು ಮಾತ್ರ. ಶನಿಯ ಬಳಿಯ ಬಿಸಿಲೂ ಅಷ್ಟೇ ಅಲ್ಲವೇ! ಹಾಗಾದರೆ ನೆರಳಿನಲ್ಲೇ ಬದುಕುವ ಜರಿಗಿಡಗಳು, ನೆಲಮಟ್ಟದ ಕೆಲವು ಸಸ್ಯಗಳು ಹೇಗೋ ಜೀವ ಹಿಡಿದುಕೊಂಡಾವು. ಎತ್ತರದ ಮರಗಳಿಗೆ ಸಾಧ್ಯವಿಲ್ಲ. ಗಿಡ ಹಗಲಿರುಳು ಉಸಿರಾಡುತ್ತದೆ, ಅದಕ್ಕೆ ಸಕ್ಕರೆ ಖರ್ಚಾಗುತ್ತಲೇ ಇರುತ್ತದೆ. ತಯಾರಾಗುವ ಸಕ್ಕರೆ ಆ ಖರ್ಚಿಗೆ ಸಮನಾಗುವಷ್ಟು ಬೆಳಕಾದರೂ ಬೇಕು. ಅದಕ್ಕಿಂತ ಕಡಿಮೆಯಾದರೆ ಗಿಡ ಕೂಡಿಟ್ಟ ಪಿಷ್ಟವನ್ನು ಕರಗಿಸಿ ತಿನ್ನುತ್ತದೆ. ದಾಸ್ತಾನು ಮುಗಿಯುವವರೆಗೆ ನೋಡುವವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಶನಿಯ ಬಳಿಯೇ ಬೆಳಕು ಇಷ್ಟು ಕಡಿಮೆಯಿದ್ದರೆ ಅಲ್ಲಿಯವರೆಗೆ ಕಾಡು ಹಸಿರಾಗಿದ್ದದ್ದು ಹೇಗೆ ಎಂದು ಯಾರಾದರೂ ಕೇಳುತ್ತಾರೆ. ಉತ್ತರವನ್ನು ಅವರಿಂದಲೇ ಹುಡುಕಿಸಿ.

ಇದನ್ನು ಬಾಯಲ್ಲಿ ಹೇಳಿದರೆ ಮನಸ್ಸಿಗೆ ಇಳಿಯದು. ಚಿತ್ರ ತೋರಿಸುವುದಕ್ಕೆ ಒಂದು ವಾರ ಮುಂಚೆ ಯಾವುದಾದರೂ ಕಾಳನ್ನು ಎರಡು ಲೋಟಗಳಲ್ಲಿ ಒದ್ದೆ ಹತ್ತಿಯ ಮೇಲೆ ಬಿತ್ತಿಸಿ. ಒಂದು ಕಿಟಕಿಯ ಬಳಿ, ಇನ್ನೊಂದು ಮುಚ್ಚಿದ ಕಪಾಟಿನಲ್ಲಿ. ವಾರ ಕಳೆದು ಹೊರತೆಗೆದಾಗ ಕಪಾಟಿನ ಸಸಿಗಳೇ ಉದ್ದ ಬೆಳೆದಿರುತ್ತವೆ! ಕಾಂಡ ಬಿಳಿಚಿ, ತೆಳ್ಳಗೆ, ಎಲೆ ಹಳದಿಯಾಗಿ ಮುದುಡಿಕೊಂಡು. ಕಾಳಿನಲ್ಲಿದ್ದ ದಾಸ್ತಾನನ್ನೆಲ್ಲ ಬೆಳಕು ಹುಡುಕುವುದಕ್ಕೇ ಸುರಿದುಬಿಟ್ಟಿರುತ್ತದೆ ಆ ಸಸಿ. “ಕತ್ತಲಲ್ಲಿದ್ದದ್ದೇ ಚೆನ್ನಾಗಿ ಬೆಳೆದಿದೆ” ಎಂದು ಹೇಳುವವರು ಪ್ರತಿ ವರ್ಷ ಇರುತ್ತಾರೆ, ಅವರ ಮಾತನ್ನು ತಿದ್ದದೆ ಹಲಗೆಯ ಮೇಲೆ ಬರೆದಿಡಿ. ಚಿತ್ರ ಮುಗಿದ ಮೇಲೆ ಅವರೇ ಎದ್ದು ಬಂದು ಅಳಿಸುತ್ತಾರೆ. ಕೆಲವು ಬಿಳಿಚಿದ ಸಸಿಗಳನ್ನು ಬೆಳಕಿಗೆ ಇಡಿಸಿ. ಕಾಳಿನಲ್ಲಿ ಇನ್ನೂ ಸತ್ವ ಉಳಿದಿದ್ದರೆ ಒಂದೆರಡು ದಿನದಲ್ಲಿ ಎಲೆ ಹಸಿರಾಗುತ್ತದೆ.

ಇಷ್ಟಾದ ಮೇಲೆ ಲೋವೆಲ್‌ನ ಮರೆವಿಗೆ ಹಿಂತಿರುಗಿ. ಈ ಚಿತ್ರದಲ್ಲಿ ನನಗೆ ಮುಖ್ಯವಾದದ್ದು ಆ ಮರೆವೇ. ಅವನಿಗೆ ಕಾಡಿನ ಮೇಲೆ ಇರುವ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಅದಕ್ಕಾಗಿ ಕೊಂದಿದ್ದಾನೆ, ಕಾಲಿಗೆ ಪೆಟ್ಟು ತಿಂದಿದ್ದಾನೆ, ಶನಿಯ ಉಂಗುರಗಳ ನಡುವೆ ನೌಕೆ ನುಗ್ಗಿಸಿದ್ದಾನೆ. ಆದರೆ ದುಃಖ, ಅಪರಾಧದ ಭಾರ, ಒಂಟಿತನ ಸೇರಿ ಅವನ ಗಮನವನ್ನು ಗಿಡಗಳಿಂದ ಅವನ ಕಡೆಗೇ ತಿರುಗಿಸಿವೆ. ಪ್ರೀತಿ ಕಾಡನ್ನು ಬಾಂಬಿನಿಂದ ಉಳಿಸಿತು, ಕತ್ತಲಿನಿಂದ ಉಳಿಸಲಿಲ್ಲ. ಉತ್ಸಾಹದಿಂದ ಸಸಿ ನೆಟ್ಟು ಚಿತ್ರ ತೆಗೆಸಿಕೊಂಡು, ಮುಂದಿನ ಬೇಸಿಗೆಯಲ್ಲಿ ಆ ಕಡೆ ತಲೆಹಾಕದವರನ್ನು ನಾನು ಬಹಳ ಕಂಡಿದ್ದೇನೆ. ಅವರ ಪ್ರೀತಿಯೂ ನಿಜವೇ.

ಗುಮ್ಮಟದಲ್ಲಿ ಏನಿಲ್ಲ?

ಇದಕ್ಕೆ ಒಂದು ದೊಡ್ಡ ಹಾಳೆಯಲ್ಲಿ ಗುಮ್ಮಟ ಬರೆಸಿ, ಒಳಗೆ ಏನೇನಿರಬೇಕು ಎಂದು ತುಂಬಿಸಿ. ಮರ, ಹೂವು, ಮೊಲ, ನೀರು ಮೊದಲು ಬರುತ್ತವೆ. ಆಮೇಲೆ ನಿಜವಾದ ಗುಮ್ಮಟವೊಂದರ ಕಥೆ ಹೇಳಿ. ಅಮೆರಿಕದ ಅರಿಜೋನದಲ್ಲಿ ‘ಬಯೋಸ್ಫಿಯರ್ 2’ ಎಂಬ, ಸುಮಾರು 1.27 ಹೆಕ್ಟೇರ್ ವಿಸ್ತಾರದ ಮುಚ್ಚಿದ ಗಾಜಿನ ಲೋಕ ಕಟ್ಟಿದರು. 1991ರ ಸೆಪ್ಟೆಂಬರ್ 26ರಂದು ಎಂಟು ಮಂದಿ ಒಳಹೊಕ್ಕು ಎರಡು ವರ್ಷ ಇದ್ದರು. ಗಾಳಿಯಲ್ಲಿ ಶೇಕಡ 21ರಷ್ಟಿರಬೇಕಾದ ಆಮ್ಲಜನಕ ಸುಮಾರು 14ಕ್ಕೆ ಇಳಿಯಿತು, 1993ರ ಆರಂಭದಲ್ಲಿ ಹೊರಗಿನಿಂದ ತುಂಬಬೇಕಾಯಿತು. ಗೊಬ್ಬರ ತುಂಬಿದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಗಿಡಗಳು ಆ ಅನಿಲವನ್ನು ಬಳಸಿ ಆಮ್ಲಜನಕ ಮರಳಿಸುವ ಮುನ್ನವೇ ಅದರ ಬಹುಭಾಗವನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡಿತು. ಪರಾಗಸ್ಪರ್ಶ ಮಾಡುವ ಕೀಟಗಳು ಸತ್ತವು. ಗಾಳಿಯ ಹೊಡೆತ ಇಲ್ಲದ್ದರಿಂದ ಮರಗಳ ಕಾಂಡ ಗಟ್ಟಿಯಾಗಲಿಲ್ಲ, ಕೆಲವು ಬಾಗಿ ಬಿದ್ದವು.

ಈ ಕಥೆ ಕೇಳಿದ ಮೇಲೆ ಹಾಳೆ ಮತ್ತೆ ಕೈಗೆ ಕೊಡಿ. ಈ ಸಲ ಮಣ್ಣು ಬರುತ್ತದೆ, ಶಿಲೀಂಧ್ರ ಬರುತ್ತದೆ, ಎರೆಹುಳ, ಜೇನು, ಗಾಳಿ ಬರುತ್ತವೆ. ಯಾರೋ ಒಬ್ಬರು “ಸತ್ತ ಮರ” ಎಂದು ಬರೆಯುತ್ತಾರೆ. ಅದಕ್ಕೆ ಚಪ್ಪಾಳೆ ತಟ್ಟಿಸಿ.

ಸಮಯ ಉಳಿದರೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬೀಜ ಭಂಡಾರದ ಬಗ್ಗೆ ಹೇಳಿ. 2008ರಲ್ಲಿ ತೆರೆದ ಈ ಭಂಡಾರದಲ್ಲಿ ಹೆಪ್ಪುಗಟ್ಟಿದ ಬೆಟ್ಟದೊಳಗೆ ಜಗತ್ತಿನ ಬೆಳೆಗಳ ಹತ್ತು ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಬೀಜ ಸಂಗ್ರಹದಲ್ಲಿ ಕೆಲಸ ಮಾಡಲಾಗದಂತಾದಾಗ, ಅದರ ಸಂಶೋಧನಾ ಕೇಂದ್ರ ಇಲ್ಲಿಟ್ಟಿದ್ದ ತನ್ನ ಬೀಜಗಳನ್ನು 2015ರಲ್ಲಿ ತೆಗೆದು, ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿ ಬೆಳೆದು, 2017ರಲ್ಲಿ ಹೊಸ ಬೀಜ ತಂದು ಮತ್ತೆ ಒಳಗಿಟ್ಟಿತು. ಲೋವೆಲ್ ಎಂಟು ವರ್ಷ ಕಾದ ಕರೆ ಇಂಥದ್ದೇ. ಇದನ್ನು ಕೇಳುವಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ರೋಬೋಟ್‌ಗಳು, ಮತ್ತು ಕೊನೆ

ಆ ಪುಟ್ಟ ರೋಬೋಟ್‌ಗಳ ನಡಿಗೆ ಗಮನಿಸಿ. ಅವುಗಳ ಒಳಗಿದ್ದವರು ಎರಡೂ ಕಾಲಿಲ್ಲದ ನಟರು. ಕೈಯೂರಿ ನಡೆದು ಆ ಓಲಾಟಕ್ಕೆ ಜೀವ ಕೊಟ್ಟರು. ಮುಖವಿಲ್ಲ, ಮಾತಿಲ್ಲ, ಆದರೂ ಒಂದು ಕಳೆದುಹೋದಾಗ ಇನ್ನೊಂದು ತಡವರಿಸುವುದು ನಮಗೆ ತಿಳಿಯುತ್ತದೆ.

ಕೊನೆಯಲ್ಲಿ ಲೋವೆಲ್ ಗುಮ್ಮಟದೊಳಗೆ ದೀಪಗಳನ್ನು ಜೋಡಿಸಿ, ಡ್ಯೂಯಿ ಎಂಬ ರೋಬೋಟ್ ಜೊತೆ ಅದನ್ನು ಅಂತರಿಕ್ಷಕ್ಕೆ ಬಿಟ್ಟುಕೊಟ್ಟು, ತಾನು ನೌಕೆಯ ಸಮೇತ ಸಿಡಿದುಹೋಗುತ್ತಾನೆ. ಡ್ಯೂಯಿ ಪುಟ್ಟ ಕ್ಯಾನ್ ಹಿಡಿದು ಗಿಡಗಳಿಗೆ ನೀರು ಹಾಕುತ್ತಿರುತ್ತದೆ. ಹಾಡು ಕೇಳಿದರೆ ಭರವಸೆ ಅನ್ನಿಸುತ್ತದೆ. ಸಸ್ಯಶಾಸ್ತ್ರ ಓದಿದವರಿಗೆ ದೀಪಗಳು ಎಷ್ಟು ದಿನ ಉರಿಯುತ್ತವೆ ಎಂಬ ಯೋಚನೆ ಬಿಡುವುದಿಲ್ಲ. ಎರಡೂ ಅನ್ನಿಸಲಿ, ಒಂದನ್ನು ಇನ್ನೊಂದರಿಂದ ಅಳಿಸಬೇಡಿ.

ಚರ್ಚೆಯನ್ನು ಅಭಿಪ್ರಾಯ ಕೇಳಿ ಮುಗಿಸುವುದು ನನಗೆ ಇಷ್ಟವಿಲ್ಲ. ಒಂದು ಕೆಲಸ ಕೊಡುತ್ತೇನೆ: ನೀವು ಲೋವೆಲ್, ಹೊರಡಲು ಒಂದು ಗಂಟೆ ಇದೆ, ಡ್ಯೂಯಿಗೆ ಒಂದು ಪುಟದ ಸೂಚನೆ ಬರೆಯಿರಿ. ಬಂದ ಹಾಳೆಗಳನ್ನು ಓದುವಾಗ ಇವನ್ನು ಹುಡುಕಿ. ದೀಪ ದಿನಕ್ಕೆ ಎಷ್ಟು ಗಂಟೆ ಉರಿಯಬೇಕು, ಕತ್ತಲೆ ಎಷ್ಟು ಗಂಟೆ ಬೇಕು ಎಂದಿದೆಯೇ? ದೀಪ ಕೆಟ್ಟರೆ ಮೊದಲು ಯಾವ ಗಿಡಗಳಿಗೆ ಬೆಳಕು ಉಳಿಸಬೇಕು? ಬೀಜ ಯಾವಾಗ ಆಯಬೇಕು, ಎಲ್ಲಿ ಒಣಗಿಸಿಡಬೇಕು? ಜೇನಿಲ್ಲದಿದ್ದರೆ ಹೂವಿಂದ ಹೂವಿಗೆ ಪರಾಗ ಯಾವುದರಿಂದ ಸವರಬೇಕು? ಬಿದ್ದ ಮರವನ್ನು ಅಲ್ಲೇ ಬಿಡಬೇಕೇ, ಎತ್ತಬೇಕೇ? “ಗಿಡಗಳನ್ನು ಪ್ರೀತಿಯಿಂದ ನೋಡಿಕೋ” ಎಂದಷ್ಟೇ ಬರೆದ ಹಾಳೆಗಳೂ ಬರುತ್ತವೆ. ಅವನ್ನು ಬದಿಗಿಡದೆ ಬರೆದವರ ಪಕ್ಕದಲ್ಲೇ ಕೂತು, ಯಾವ ಗಿಡಕ್ಕೆ, ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ ಎಂದು ಕೇಳುತ್ತಾ ಆ ಪುಟವನ್ನು ಅವರ ಕೈಯಲ್ಲೇ ತುಂಬಿಸಿ.